ಹಸಿರು ಜಿಡ್ಡಿನ ನಾಣ್ಯಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ನಾಣ್ಯದ ಮೇಲೆ ಹಸಿರು. ಎಷ್ಟೋ ವರ್ಷದ ಮೇಲೆ ಆಲ್ಬಮ್ ತೆರೆದಿದ್ದಾರೆ, ಬೆಚ್ಚಿಬಿದ್ದಿದ್ದಾರೆ, ನನಗೆ ಬರೆದಿದ್ದಾರೆ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದೊಂದನ್ನೇ ಹಿಡಿದು ಕೂತಿದ್ದೇನೆ. ನನಗೂ ಇದು ಹಳೆಯ ಗಾಯ.

ಪ್ರಶ್ನೆ: ಅಪ್ಪ ಕೂಡಿಟ್ಟ ಬೆಳ್ಳಿ ನಾಣ್ಯಗಳು ಇಪ್ಪತ್ತು ವರ್ಷದಿಂದ ಒಂದು ಪ್ಲಾಸ್ಟಿಕ್ ಆಲ್ಬಮ್‌ನಲ್ಲೇ ಇದ್ದವು. ಈಗ ನೋಡಿದರೆ ಕೆಲವಕ್ಕೆ ಹಸಿರು ಅಂಟು ಹಿಡಿದಿದೆ. ಬಟ್ಟೆಯಿಂದ ಒಂದನ್ನು ಒರೆಸಿದೆ. ಹೋಗಲಿಲ್ಲ, ಇನ್ನಷ್ಟು ಹರಡಿತು. ಏನಿದು? ತೆಗೆಯುವುದು ಹೇಗೆ?

ಮೊದಲು ಆ ಬಟ್ಟೆಯನ್ನು ಪಕ್ಕಕ್ಕಿಡಿ. ಒಂದಕ್ಕೇ ನಿಲ್ಲಿಸಿದ್ದು ಒಳ್ಳೆಯದಾಯಿತು. ನಾನು ನಿಲ್ಲಿಸಿರಲಿಲ್ಲ.

ಶುರುವಿನ ದಿನಗಳಲ್ಲಿ ನಾನೂ ಅಂಥದೊಂದು ಆಲ್ಬಮ್ ಕೊಂಡಿದ್ದೆ. ದಪ್ಪ ಹಾಳೆ, ಕನ್ನಡಿಯಂತೆ ತಿಳಿ, ಮುಟ್ಟಿದರೆ ಮೆತ್ತಗೆ. ಇಷ್ಟು ಚೆನ್ನಾಗಿರುವುದು ಒಳ್ಳೆಯದೇ ಇರಬೇಕು ಅಂತ ನನ್ನ ಬಳಿ ಇದ್ದ ಅತಿ ಒಳ್ಳೆಯ ಬೆಳ್ಳಿ ನಾಣ್ಯಗಳನ್ನು ಆರಿಸಿ ಆರಿಸಿ ಅದರಲ್ಲಿಟ್ಟೆ. ಸಾಧಾರಣ ನಾಣ್ಯಗಳು ಕಾಗದದ ಲಕೋಟೆಯಲ್ಲೇ ಉಳಿದವು. ಹನ್ನೊಂದು ವರ್ಷದ ಮೇಲೆ ತೆರೆದೆ. ಹೊಸ ಮಳೆಕೋಟಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಮೊದಲ ನಾಣ್ಯದ ಮೇಲಿನ ಮುಖದ ಕತ್ತಿನ ಸಂದಿಯಲ್ಲಿ ಸಣ್ಣ ಪಾಚಿಯಂಥ ಹಸಿರು. ಯೋಚನೆಯೇ ಮಾಡದೆ ಹೆಬ್ಬೆರಳಲ್ಲಿ ಉಜ್ಜಿದೆ, ಆಮೇಲೆ ಕರವಸ್ತ್ರದಲ್ಲಿ ಉಜ್ಜಿದೆ. ಜಿಡ್ಡು ಸ್ವಲ್ಪ ಹೋಯಿತು. ಅದರ ಜಾಗದಲ್ಲಿ ಕೂದಲೆಳೆಯಂಥ ನೂರಾರು ಗೀರು ಬಂದವು. ಆ ನಾಣ್ಯ ಈಗಲೂ ನನ್ನ ಮೇಜಿನ ಮೇಲಿದೆ. ದೀಪದ ಕೆಳಗೆ ಸ್ವಲ್ಪ ಓರೆ ಮಾಡಿದರೆ ಸಾಕು, ಅವತ್ತು ನನ್ನ ಬೆರಳು ಯಾವ ಕಡೆಗೆ ಓಡಾಡಿತ್ತು ಅಂತ ಹೇಳಬಹುದು. ಲಕೋಟೆಯಲ್ಲಿದ್ದ ಸಾಧಾರಣ ನಾಣ್ಯಗಳು ಸ್ವಲ್ಪ ಕಪ್ಪಾಗಿ, ಆರಾಮವಾಗಿದ್ದವು.

ಈಗ ಅದು ಏನು ಅಂತ ನೋಡೋಣ. ಆಲ್ಬಮ್‌ನ ಆ ಮೆತ್ತನೆಯ ಹಾಳೆ ಪಿವಿಸಿ. ನೀರಿನ ಕೊಳವೆಗೆ ಬಳಸುವ ಅದೇ ಪಿವಿಸಿ. ಕೊಳವೆ ಗಟ್ಟಿ, ಹಾಳೆ ಮಾತ್ರ ಮೆತ್ತಗೆ, ಯಾಕೆ? ಯಾಕೆಂದರೆ ಪಿವಿಸಿ ಹುಟ್ಟಾ ಗಟ್ಟಿ ಪದಾರ್ಥ. 1872ರಲ್ಲಿ ಜರ್ಮನಿಯ ಯೂಗೆನ್ ಬೌಮನ್ ಅದನ್ನು ಪ್ರಯೋಗಾಲಯದಲ್ಲಿ ಕಂಡಾಗ ಅದರಿಂದ ಯಾರಿಗೂ ಹೆಚ್ಚಿನ ಉಪಯೋಗ ಕಾಣಲಿಲ್ಲ. 1926ರಲ್ಲಿ ಅಮೆರಿಕದ ವಾಲ್ಡೊ ಸೀಮನ್ ಅದನ್ನು ಮೆತ್ತಗೆ ಮಾಡುವ ದಾರಿ ಕಂಡುಕೊಂಡರು. ಎಣ್ಣೆಯಂಥ ಒಂದು ದ್ರವವನ್ನು ಅದರೊಳಗೆ ಬೆರೆಸುವುದು, ಅಷ್ಟೇ. ಆದರೆ ಆ ಎಣ್ಣೆ ಪ್ಲಾಸ್ಟಿಕ್‌ಗೆ ರಾಸಾಯನಿಕವಾಗಿ ಕೂಡಿಕೊಳ್ಳುವುದಿಲ್ಲ. ಸುಮ್ನೆ ಒಳಗೆ ಕೂತಿರುತ್ತದೆ. ವರ್ಷಗಳು ಕಳೆದಂತೆ ಬೆವರಿನ ಹಾಗೆ ಹೊರಗೆ ಜಿನುಗುತ್ತದೆ. ನಿಮ್ಮ ಬೆರಳಿಗೆ ತಾಗಿದ ಅಂಟು ಅದು.

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಪಿವಿಸಿಯ ತೂಕದಲ್ಲಿ ನೂರಕ್ಕೆ ಸುಮಾರು 57 ಭಾಗ ಕ್ಲೋರಿನ್. ಸೆಕೆ, ಬೆಳಕು, ವಯಸ್ಸು ಸೇರಿ ಪ್ಲಾಸ್ಟಿಕ್ ಹಳಸಿದಾಗ ಅದರಿಂದ ಹೈಡ್ರೋಕ್ಲೋರಿಕ್ ಆಮ್ಲ ಒಂದಿಷ್ಟೇ ಬಿಡುಗಡೆಯಾಗುತ್ತದೆ. ಆಮ್ಲ ನಾಣ್ಯದಲ್ಲಿರುವ ತಾಮ್ರವನ್ನು ಹಿಡಿಯುತ್ತದೆ. ಹಸಿರು ಬರುವುದು ಅಲ್ಲಿಂದ. ನಮ್ಮದು ಬೆಳ್ಳಿ ನಾಣ್ಯ, ತಾಮ್ರ ಎಲ್ಲಿಂದ ಬಂತು ಅಂತ ಕೇಳಬಹುದು. ಅಪ್ಪಟ ಬೆಳ್ಳಿ ತೀರಾ ಮೆದು. ಅದಕ್ಕೇ ಚಲಾವಣೆಯ ಬೆಳ್ಳಿ ನಾಣ್ಯಗಳಿಗೆ ತಾಮ್ರ ಬೆರೆಸುತ್ತಿದ್ದರು. ಸ್ಟರ್ಲಿಂಗ್ ಬೆಳ್ಳಿಯಲ್ಲಿ ನೂರಕ್ಕೆ 92.5 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಹತ್ತಕ್ಕೆ ಒಂದು ಭಾಗ ತಾಮ್ರವಿರುವ ನಾಣ್ಯಗಳೂ ಬೇಕಾದಷ್ಟಿವೆ.

ತೆಗೆಯುವ ಮದ್ದು ಒಂದೇ: ಶುದ್ಧ ಅಸಿಟೋನ್. ಜಿಡ್ಡನ್ನು ಕರಗಿಸುತ್ತದೆ, ಲೋಹದ ತಂಟೆಗೆ ಹೋಗುವುದಿಲ್ಲ. ಹಳೆಯ ಬೆಳ್ಳಿಗೆ ಬಂದಿರುವ ನೀಲಿ, ಕಂದು, ಹೊಂಬಣ್ಣದ ಛಾಯೆ ಇದೆಯಲ್ಲ, ಅದನ್ನೂ ಕದಲಿಸುವುದಿಲ್ಲ. ಉಗುರುಬಣ್ಣ ತೆಗೆಯುವ ದ್ರವದಲ್ಲೂ ಅಸಿಟೋನ್ ಇರುತ್ತದಲ್ಲ ಅಂತ ಇಬ್ಬರು ಬರೆದಿದ್ದಾರೆ. ಇರುತ್ತದೆ, ಜೊತೆಗೆ ನೀರು, ಬಣ್ಣ, ಸುಗಂಧ, ಚರ್ಮ ಒಣಗದಿರಲು ಎಣ್ಣೆ ಎಲ್ಲ ಇರಬಹುದು. ಒಂದು ಜಿಡ್ಡು ತೆಗೆದು ಇನ್ನೊಂದು ಹಚ್ಚಿದಂತೆ. ಬೇಡ.

ಮುಚ್ಚಳವಿರುವ ಮೂರು ಗಾಜಿನ ಬಾಟಲಿ ತೆಗೆದುಕೊಳ್ಳಿ. ಗಾಜೇ ಆಗಬೇಕು. ನಾನು ಮೊದಲ ಸಲ ಕೈಗೆ ಸಿಕ್ಕ ತೆಳ್ಳನೆಯ ಪ್ಲಾಸ್ಟಿಕ್ ಲೋಟದಲ್ಲಿ ಅಸಿಟೋನ್ ಸುರಿದು, ನಾಣ್ಯ ಹಾಕಿ, ಫೋನ್ ಬಂತೆಂದು ಎದ್ದುಹೋದೆ. ಬಂದು ನೋಡಿದರೆ ಲೋಟದ ತಳ ಅಂಟಾಗಿ ನಾಣ್ಯವನ್ನು ಅಪ್ಪಿಕೊಂಡಿದೆ. ಅದು ಪಾಲಿಸ್ಟೈರಿನ್ ಲೋಟ. ಪ್ಲಾಸ್ಟಿಕ್ ತೆಗೆಯಲು ಹೋಗಿ ಪ್ಲಾಸ್ಟಿಕ್ ಬಳಿದಿದ್ದೆ! ಪುಣ್ಯಕ್ಕೆ ಅದೂ ಅಸಿಟೋನ್‌ನಲ್ಲೇ ಕರಗುವಂಥದ್ದು. ಎರಡನೇ ಸಲ ಗಾಜಿನ ಬಾಟಲಿಯಲ್ಲಿ ನೆನೆಸಿದಾಗ ಬಿಟ್ಟಿತು.

ಮೊದಲ ಬಾಟಲಿಯಲ್ಲಿ ನಾಣ್ಯ ಮುಳುಗುವಷ್ಟು ಅಸಿಟೋನ್ ಹಾಕಿ. ಒಂದು ಬಾಟಲಿಗೆ ಒಂದೇ ನಾಣ್ಯ. ಎರಡು ಹಾಕಿದರೆ ಒಂದಕ್ಕೊಂದು ತಾಗಿ ಗೀರು ಬೀಳುತ್ತದೆ. ಮುಚ್ಚಿ, ಆಗಾಗ ಮೆಲ್ಲಗೆ ಅಲುಗಿಸಿ. ಹೊಸ ಜಿಡ್ಡು ಹತ್ತು ನಿಮಿಷಕ್ಕೇ ಬಿಡುತ್ತದೆ. ನಿಮ್ಮದರಂಥ ಹಳೆಯದಕ್ಕೆ ಒಂದು ರಾತ್ರಿ ಕೊಡಿ. ಆಮೇಲೂ ಸಂದಿಯಲ್ಲಿ ಉಳಿದಿದ್ದರೆ, ಮರದ ಕಡ್ಡಿಗೆ ಹತ್ತಿ ಸುತ್ತಿ, ಅಸಿಟೋನ್‌ನಲ್ಲಿ ಚೆನ್ನಾಗಿ ಅದ್ದಿ, ನಾಣ್ಯದ ಮೇಲೆ ಉರುಳಿಸಿ. ಉರುಳಿಸಿ ಎಂದೆ, ಉಜ್ಜಿ ಎನ್ನಲಿಲ್ಲ. ಒಂದು ಸಲ ಉರುಳಿಸಿದ ಹತ್ತಿಯನ್ನು ಎಸೆದು ಹೊಸದು ತೆಗೆದುಕೊಳ್ಳಿ.

ಆಮೇಲೆ ಎರಡನೇ ಬಾಟಲಿ, ಅದರಲ್ಲಿ ಹೊಸ ಅಸಿಟೋನ್. ಆಮೇಲೆ ಮೂರನೆಯದು. ಇಷ್ಟೆಲ್ಲ ಯಾಕೆ ಅಂತ ಸೋಮಾರಿತನ ಮಾಡುವವರು ಇಲ್ಲೇ ಸೋಲುತ್ತಾರೆ. ಮೊದಲ ಬಾಟಲಿಯ ಅಸಿಟೋನ್‌ನಲ್ಲಿ ಈಗ ಜಿಡ್ಡು ಕರಗಿದೆ. ಹಾಗೇ ಹೊರಗೆ ತೆಗೆದರೆ ಅಸಿಟೋನ್ ಹಾರಿಹೋಗಿ ಜಿಡ್ಡು ತೆಳ್ಳಗೆ ಇಡೀ ನಾಣ್ಯದ ಮೇಲೆ ಕೂರುತ್ತದೆ. ಮೊದಲು ಒಂದು ಕಡೆ ಇತ್ತು, ಈಗ ಎಲ್ಲ ಕಡೆ. ಒಣಗಿದ ನಾಣ್ಯದ ಮೇಲೆ ಮಂಜಿನಂಥ ಪೊರೆ ಕಂಡರೆ ಇನ್ನೊಂದು ಸಲ ತೊಳೆಯಬೇಕು ಅಂತಲೇ ಅರ್ಥ. ಕೊನೆಯ ಬಾಟಲಿಯಿಂದ ಅಂಚು ಹಿಡಿದು ತೆಗೆದು, ನೂಲು ಬಿಡದ ಬಟ್ಟೆಯ ಮೇಲಿಡಿ. ಒರೆಸಬೇಡಿ. ಅರ್ಧ ನಿಮಿಷದಲ್ಲಿ ತಾನೇ ಒಣಗುತ್ತದೆ.

ಎಚ್ಚರಿಕೆಯ ಮಾತು. ಅಸಿಟೋನ್ 56 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಮೈನಸ್ 18 ಡಿಗ್ರಿ ಚಳಿಯಲ್ಲೂ ಅದರ ಆವಿ ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಬೆಂಕಿಯ ತನಕ ಹೋಗಬಲ್ಲದು. ಅಡುಗೆಮನೆಯಲ್ಲಿ ಮಾಡಲೇಬೇಡಿ. ಕಿಟಕಿ ತೆಗೆದಿರಲಿ, ಮಕ್ಕಳು ಹತ್ತಿರ ಇರಬಾರದು. ಸಾಮಾನ್ಯ ರಬ್ಬರ್ ಗ್ಲೌಸನ್ನೂ ಆಸ್ಪತ್ರೆಯ ನೀಲಿ ಗ್ಲೌಸನ್ನೂ ಅದು ಬೇಗ ದಾಟಿ ಒಳಗೆ ಬರುತ್ತದೆ. ಬ್ಯೂಟೈಲ್ ರಬ್ಬರಿನದು ತಡೆಯುತ್ತದೆ. ನಾನು ತುದಿಗೆ ಪ್ಲಾಸ್ಟಿಕ್ ಇಲ್ಲದ ಮರದ ಚಿಮುಟ ಬಳಸುತ್ತೇನೆ. ಉಳಿದ ಅಸಿಟೋನನ್ನು ಸಿಂಕ್‌ಗೆ ಸುರಿಯಬೇಡಿ. ಕೊಳವೆಯ ಪಿವಿಸಿಯನ್ನೂ ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟು ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೆ ಕೊಡಿ.

ಇಷ್ಟು ಮಾಡಿದರೆ ನಿಮ್ಮ ನಾಣ್ಯಗಳಲ್ಲಿ ಹೆಚ್ಚಿನವು ಪೂರ್ತಿ ಚೊಕ್ಕವಾಗುತ್ತವೆ. ಕೆಲವದರಲ್ಲಿ ಹಸಿರು ಹೋದ ಜಾಗದಲ್ಲಿ ಮಬ್ಬು ಕಲೆಯೋ ಸಣ್ಣ ಹೊಂಡವೋ ಕಾಣುತ್ತದೆ. ಆಮ್ಲ ಆಗಲೇ ತಿಂದುಹಾಕಿದ ಜಾಗ ಅದು. ಅದಕ್ಕೆ ಯಾವ ಮದ್ದೂ ಇಲ್ಲ. ಇನ್ನು ಮುಂದೆ ತಿನ್ನುವುದಿಲ್ಲ ಅನ್ನುವುದಷ್ಟೇ ಸಮಾಧಾನ.

ಪ್ರಶ್ನೆ: ನನ್ನದು ತಾಮ್ರದ ನಾಣ್ಯ. ಎರಡು ದಿನ ಅಸಿಟೋನ್‌ನಲ್ಲಿ ಇಟ್ಟರೂ ಹಸಿರು ಒಂದಿಷ್ಟೂ ಕದಲಲಿಲ್ಲ. ಇನ್ನೂ ಎಷ್ಟು ದಿನ ಇಡಬೇಕು?

ಒಂದು ದಿನವೂ ಬೇಡ, ತೆಗೆದುಬಿಡಿ. ನಿಮ್ಮದು ಪ್ಲಾಸ್ಟಿಕ್ ಜಿಡ್ಡಲ್ಲ, ಕಿಲುಬು. ಎರಡೂ ಹಸಿರು, ಆದರೆ ಜಾತಿ ಬೇರೆ. ಮರದ ಹಲ್ಲುಕಡ್ಡಿಯ ತುದಿಯಲ್ಲಿ ಮೆಲ್ಲಗೆ ಮುಟ್ಟಿ ನೋಡಿ. ಜಿಡ್ಡಾದರೆ ಮೆತ್ತಗಿರುತ್ತದೆ, ಕಡ್ಡಿಗೆ ಅಂಟುತ್ತದೆ, ಎಳೆದರೆ ಹರಡುತ್ತದೆ. ಕಿಲುಬು ಗಟ್ಟಿ, ಹಕ್ಕಳೆಯಂತೆ ಲೋಹಕ್ಕೇ ಕಚ್ಚಿಕೊಂಡಿರುತ್ತದೆ. ಅದು ಲೋಹದ ಲವಣ. ಅಸಿಟೋನ್‌ಗೆ ಅದು ಕರಗುವುದಿಲ್ಲ.

ನಯವಾಗಿ, ಗಟ್ಟಿಯಾಗಿ, ವರ್ಷಗಳಿಂದ ಹಾಗೇ ಇರುವ ಹಸಿರಾದರೆ ಬಿಟ್ಟುಬಿಡಿ. ಕೆದಕಿದರೆ ಅದರ ಕೆಳಗಿನ ಮೈ ಹುಣ್ಣಿನಂತೆ ಕಾಣುತ್ತದೆ.

ಆದರೆ ಮೂರನೆಯದು ಒಂದಿದೆ. ತಿಳಿ ಹಸಿರು, ಪುಡಿಪುಡಿ, ಚುಕ್ಕಿ ಚುಕ್ಕಿಯಾಗಿ. ಉದುರಿಸಿದರೆ ಕೆಳಗೆ ಹೊಂಡ, ಕೆಲವು ವಾರದಲ್ಲಿ ಮತ್ತೆ ಪುಡಿ. ಇದಕ್ಕೆ ಕಂಚಿನ ರೋಗ ಎನ್ನುತ್ತಾರೆ. ಲೋಹದೊಳಗೆ ಸೇರಿಕೊಂಡ ಕ್ಲೋರೈಡ್, ಗಾಳಿಯ ತೇವ ಸಿಕ್ಕಿದಾಗಲೆಲ್ಲ ಆಮ್ಲ ಮಾಡುತ್ತದೆ, ಆಮ್ಲ ಇನ್ನಷ್ಟು ತಾಮ್ರ ತಿನ್ನುತ್ತದೆ, ಮತ್ತೆ ಕ್ಲೋರೈಡ್. ನಿಲ್ಲುವುದೇ ಇಲ್ಲ. ಹೆಚ್ಚಾಗಿ ಕಾಣುವುದು ನೆಲದಿಂದಲೋ ಸಮುದ್ರದಿಂದಲೋ ಸಿಕ್ಕ ನಾಣ್ಯಗಳಲ್ಲಿ. ಇಂಥದ್ದನ್ನು ಕೂಡಲೇ ಬೇರೆ ನಾಣ್ಯಗಳಿಂದ ದೂರವಿಡಿ. ಪುಡಿಯನ್ನು ಮರದ ಕಡ್ಡಿಯಲ್ಲಿ ಬಿಡಿಸಿ, ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ದಿನಾ ನೀರು ಬದಲಿಸಿ. ವಾರಗಟ್ಟಲೆ ಹಿಡಿಯುತ್ತದೆ. ಕೊನೆಗೆ ಅಸಿಟೋನ್‌ನಲ್ಲಿ ಅದ್ದಿ ತೆಗೆದರೆ ಒಳಗಿನ ನೀರು ಬೇಗ ಹೊರಬರುತ್ತದೆ. ಆಮೇಲೆ ತೇವ ಹೀರುವ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಒಳಗಿನ ತೇವ 40 ಶೇಕಡಾಕ್ಕಿಂತ ಕೆಳಗಿರಬೇಕು. ಮ್ಯೂಸಿಯಂಗಳಲ್ಲಿ ಬೆಂಜೊಟ್ರಯಜೋಲ್ ಎಂಬ ರಾಸಾಯನಿಕ ಬಳಸುತ್ತಾರೆ. ಅದು ಮೈಗೆ ಒಳ್ಳೆಯದಲ್ಲ, ಮನೆಯಲ್ಲಿ ಬೇಡ. ನಾಣ್ಯ ಅಪರೂಪದ್ದಾದರೆ ಪರಿಣತರ ಕೈಗೇ ಕೊಡಿ.

ಪ್ರಶ್ನೆ: ನನ್ನ ಆಲ್ಬಮ್ ಪಿವಿಸಿಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಮೇಲೆ ಏನೂ ಬರೆದಿಲ್ಲ.

ಮೂಗು, ಬೆರಳು, ಕಿವಿ. ಈ ಮೂರರಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಹೊಸ ಮಳೆಕೋಟಿನ ವಾಸನೆ ಇದ್ದರೆ ಅನುಮಾನ ಪಡಿ. ಹಿಡಿದು ಬಗ್ಗಿಸಿದಾಗ ಮೆತ್ತಗೆ, ಸದ್ದಿಲ್ಲದೆ ಬಗ್ಗಿದರೆ ಇನ್ನೂ ಅನುಮಾನ ಪಡಿ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆ ಬಗ್ಗಿಸಿದರೆ ಪರಪರ ಸದ್ದು ಮಾಡುತ್ತದೆ.

ಇನ್ನೂ ಖಚಿತ ಬೇಕಾದರೆ ಮೂಲೆಯಿಂದ ಉಗುರಿನಷ್ಟು ಕತ್ತರಿಸಿ ನೀರಿಗೆ ಹಾಕಿ, ಗಾಳಿಗುಳ್ಳೆ ಹೋಗುವಂತೆ ಬೆರಳಲ್ಲಿ ಒತ್ತಿ ಬಿಡಿ. ಪಾಲಿಥಿನ್, ಪಾಲಿಪ್ರೊಪಿಲಿನ್ ತೇಲುತ್ತವೆ. ಪಿವಿಸಿ ಮುಳುಗುತ್ತದೆ. ಆದರೆ ಮೈಲಾರ್ ಕೂಡ ಮುಳುಗುತ್ತದೆ, ಆದ್ದರಿಂದ ತೇಲಿದರೆ ಖುಷಿ ಪಡಿ, ಮುಳುಗಿದರೆ ತೀರ್ಪು ಕೊಡಬೇಡಿ.

ಕೊನೆಯದು ನನಗೆ ಬಲು ಇಷ್ಟವಾದ ಪರೀಕ್ಷೆ. ಬರಿಯ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಜ್ವಾಲೆಗೆ ಬಣ್ಣ ಬಾರದಷ್ಟು ಹೊತ್ತು ಕಾಯಿಸಿ. ಕಾದ ತುದಿಯನ್ನು ಪ್ಲಾಸ್ಟಿಕ್ ಚೂರಿಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಜ್ವಾಲೆ ಎದ್ದರೆ ಕ್ಲೋರಿನ್ ಇದೆ. ಇದು ಬೈಲ್‌ಸ್ಟೈನ್ ಪರೀಕ್ಷೆ, ಇದು ಬಂದದ್ದೂ 1872ರಲ್ಲೇ. ಪಿವಿಸಿ ಕಣ್ಣಿಗೆ ಬಿದ್ದ ವರ್ಷವೇ ಅದನ್ನು ಹಿಡಿದುಕೊಡುವ ಉಪಾಯವೂ ಬಂತು, ಸೋಜಿಗ ಅಲ್ವಾ? ಹೊಗೆ ಕೆಟ್ಟದ್ದು, ಬಯಲಲ್ಲಿ ಮಾಡಿ, ಚೂರು ಸಾಸಿವೆಯಷ್ಟಿದ್ದರೆ ಸಾಕು. ಅಸಿಟೋನ್ ಬಾಟಲಿ ಸುತ್ತಮುತ್ತ ಎಲ್ಲೂ ಇರಬಾರದು. ಒಂದೇ ದಿನ ಎರಡೂ ಕೆಲಸ ಇಟ್ಟುಕೊಳ್ಳಬೇಡಿ, ಇನ್ನೂ ಒಳ್ಳೆಯದು.

ಪ್ರಶ್ನೆ: ಟೂತ್‌ಪೇಸ್ಟ್, ಸೋಡಾ, ಬೆಳ್ಳಿ ಹೊಳಪಿಸುವ ದ್ರವ, ಇವುಗಳಲ್ಲಿ ಯಾವುದು ವಾಸಿ?

ಯಾವುದೂ ಇಲ್ಲ. ಟೂತ್‌ಪೇಸ್ಟ್ ಅಂದರೆ ಸಣ್ಣ ಮರಳು ಕಾಗದ ಅಂತ ತಿಳಿಯಿರಿ. ಬೆಳ್ಳಿಯ ಹೊಳಪಿನ ದ್ರವದಲ್ಲಿ ಸಾಮಾನ್ಯವಾಗಿ ಥಯೋಯೂರಿಯ ಎಂಬ ರಾಸಾಯನಿಕ ಮತ್ತು ಆಮ್ಲ ಇರುತ್ತವೆ. ನೂರು ವರ್ಷದಲ್ಲಿ ಕಟ್ಟಿದ ಬಣ್ಣ ಹತ್ತು ಸೆಕೆಂಡಿನಲ್ಲಿ ಹೋಗುತ್ತದೆ. ಪ್ಲಾಸ್ಟಿಕ್ ಜಿಡ್ಡು ಮಾತ್ರ ಅಲ್ಲೇ ಇರುತ್ತದೆ.

ಪ್ರಶ್ನೆ: ಚಿನ್ನದ ನಾಣ್ಯಕ್ಕೂ ಹಿಡಿಯುತ್ತದೆಯೇ?

ಮೇಲೆ ಕೂರುತ್ತದೆ, ಒಳಗೆ ಇಳಿಯುವುದು ಅಪರೂಪ. 22 ಕ್ಯಾರೆಟ್ ನಾಣ್ಯದಲ್ಲಿ ಹೆಚ್ಚಾಗಿ ತಾಮ್ರ ಬೆರೆತಿರುವುದರಿಂದ ಒಂದಿಷ್ಟು ಬಣ್ಣ ಬರಬಹುದು. ಅಸಿಟೋನ್‌ಗೆ ಸಲೀಸಾಗಿ ಬಿಡುತ್ತದೆ. ಚಿನ್ನ ಮೆದು ಲೋಹ, ಹತ್ತಿಯನ್ನೂ ಮುಟ್ಟಿಸಬೇಡಿ.

ಪ್ರಶ್ನೆ: ನಾಣ್ಯವನ್ನು ಯಾರೋ ಅಂಟುಟೇಪಿನಲ್ಲಿ ಕಾಗದಕ್ಕೆ ಅಂಟಿಸಿಟ್ಟಿದ್ದರು. ಟೇಪು ಬಂತು, ಹಳದಿ ಅಂಟು ಉಳಿದಿದೆ.

ಮೇಲೆ ಹೇಳಿದ ದಾರಿಯೇ. ಹೆಚ್ಚಿನ ಅಂಟು ಅಸಿಟೋನ್‌ಗೆ ಮೆತ್ತಗಾಗಿ ಬಿಡುತ್ತದೆ, ಒಂದೆರಡು ದಿನ ಬೇಕಾಗಬಹುದು. ಟೇಪಿದ್ದ ಜಾಗದ ಬಣ್ಣ ಬೇರೆಯೇ ಇರುತ್ತದೆ. ಅಷ್ಟು ವರ್ಷ ಗಾಳಿ ತಾಗದ ಜಾಗ ಅದು. ಅಲ್ಲಿಗೆ ಬಿಡಿ. ಒಂದು ಎಚ್ಚರ: ಬಣ್ಣ ಬಳಿದ ಸ್ಮರಣಾರ್ಥ ನಾಣ್ಯ, ವಾರ್ನಿಷ್ ಹಚ್ಚಿದ ಹಳೆಯ ತಾಮ್ರದ ನಾಣ್ಯ ಇವುಗಳನ್ನು ಅಸಿಟೋನ್‌ಗೆ ಹಾಕಿದರೆ ಬಣ್ಣವೂ ವಾರ್ನಿಷೂ ಹೋಗುತ್ತವೆ. ಪಾಲಿಮರ್ ನೋಟುಗಳನ್ನಂತೂ ಅದರ ಹತ್ತಿರಕ್ಕೂ ತರಬೇಡಿ.

ಪ್ರಶ್ನೆ: ತೊಳೆದ ನಾಣ್ಯವನ್ನು ಎಲ್ಲಿಡಲಿ? ಹಳೆಯ ಆಲ್ಬಮ್‌ನಲ್ಲಿ ಅಪ್ಪ ಕೈಯಾರೆ ಬರೆದ ಚೀಟಿಗಳಿವೆ, ಎಸೆಯಲು ಮನಸ್ಸಿಲ್ಲ.

ಮೊದಲ ಪ್ರಶ್ನೆ ಕೇಳಿದವರೇ ಪತ್ರದ ಕೊನೆಯಲ್ಲಿ ಇದನ್ನೂ ಕೇಳಿದ್ದಾರೆ.

ನಾಣ್ಯಕ್ಕೆ ಮೈಲಾರ್ ಕಿಟಕಿಯ ರಟ್ಟಿನ ಚೌಕ ಒಳ್ಳೆಯದು. ಪಿನ್ ಹೊಡೆದ ಮೇಲೆ ಅದರ ಕಾಲು ಇಕ್ಕಳದಲ್ಲಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರುತ್ತದೆ. ಗಟ್ಟಿ ಅಕ್ರಿಲಿಕ್ ಡಬ್ಬಿ ಇನ್ನೂ ಒಳ್ಳೆಯದು. ನಾಣ್ಯ ಪೂರ್ತಿ ಒಣಗಿದ ಮೇಲೆ ಹಾಕಿ, ಅಸಿಟೋನ್ ತೇವ ಉಳಿದಿದ್ದರೆ ಡಬ್ಬಿಯೇ ಬಿರುಕು ಬಿಡುತ್ತದೆ. ರಬ್ಬರ್ ಬ್ಯಾಂಡ್ ಹಾಕಬೇಡಿ. ಅದರ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಓಕ್ ಮರದ ಪೆಟ್ಟಿಗೆ ಬೇಡ, ಅದರಿಂದ ಹೊರಡುವ ಆಮ್ಲದ ಆವಿ ಸೀಸದ ನಾಣ್ಯಗಳನ್ನು ಬಿಳಿ ಪುಡಿ ಮಾಡಿಬಿಡುತ್ತದೆ. ತೊಳೆಯದ ನಾಣ್ಯವನ್ನು ಹೊಸ ಜಾಗಕ್ಕೆ ಸಾಗಿಸಬೇಡಿ, ಜಿಡ್ಡೂ ಜೊತೆಗೇ ಹೋಗುತ್ತದೆ. ಮಾರುವಾಗ ಅಸಿಟೋನ್‌ನಲ್ಲಿ ತೊಳೆದೆ ಅಂತ ನಾನು ಹೇಳಿಯೇ ಕೊಡುತ್ತೇನೆ. ಈ ತನಕ ಒಬ್ಬರೂ ಮುಖ ತಿರುಗಿಸಿಲ್ಲ. ಹಸಿರು ಇರುವ ಹಾಗೇ ಕೊಟ್ಟಾಗ ತಿರುಗಿಸಿದ್ದಾರೆ.

ಚೀಟಿಗಳ ವಿಷಯ. ಅವನ್ನು ಆಲ್ಬಮ್‌ನಿಂದ ಈಗಲೇ ಬಿಡಿಸಿ. ಆ ಎಣ್ಣೆ ಕಾಗದಕ್ಕೂ ಇಳಿಯುತ್ತದೆ, ಶಾಯಿಯನ್ನೂ ಎಳೆದುಕೊಳ್ಳುತ್ತದೆ. ಕೆಲವು ಅಕ್ಷರ ಆಗಲೇ ಪ್ಲಾಸ್ಟಿಕ್ ಹಾಳೆಯ ಮೇಲೆ ಉಲ್ಟಾ ಮೂಡಿರಬಹುದು. ಪ್ರತಿಯೊಂದರ ಫೋಟೊ ತೆಗೆದುಕೊಳ್ಳಿ. ಚೀಟಿಗಳನ್ನು ಪಾಲಿಪ್ರೊಪಿಲಿನ್ ಲಕೋಟೆಯಲ್ಲಿ, ನಾಣ್ಯಗಳಿಂದ ಬೇರೆಯಾಗಿ ಇಡಿ. ಅವಕ್ಕೆ ಅಸಿಟೋನ್ ತಾಗಿಸಬೇಡಿ, ಶಾಯಿ ಉಳಿಯುವುದಿಲ್ಲ.

ಮತ್ತೆ, ನಾಣ್ಯವನ್ನು ಬಾಟಲಿಗೆ ಹಾಕುವ ಮೊದಲೇ ಯಾವ ಚೀಟಿ ಯಾವ ನಾಣ್ಯದ್ದು ಅಂತ ಗುರುತು ಮಾಡಿ. ಚೀಟಿಯ ಹಿಂದೆ ಒಂದು ನಂಬರು, ಬಾಟಲಿಯ ಕೆಳಗಿಟ್ಟ ಕಾಗದದ ಮೇಲೆ ಅದೇ ನಂಬರು. ಪೆನ್ಸಿಲ್‌ನಲ್ಲಿ ಬರೆಯಿರಿ. ನಾನು ಬಾಟಲಿಯ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೆ. ಸುರಿಯುವಾಗ ನಾಲ್ಕು ಹನಿ ಚೆಲ್ಲಿ ನಂಬರು ಅಳಿಸಿಹೋಯಿತು. ಒಂದೇ ವರ್ಷದ ಎರಡು ಒಂದೇ ಥರದ ನಾಣ್ಯ, ಒಂದು ನನ್ನ ಮೇಷ್ಟರು ಕೊಟ್ಟದ್ದು, ಇನ್ನೊಂದು ನಾನು ಕೊಂಡದ್ದು. ಯಾವುದು ಯಾವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.